ಮಜ್ಜಿಗೆ ಕೊಟ್ಟು ಮಾಡಿದ ಬಂದ್

ನಮ್ಮ ಕಡೆಯವರಿಗೆ ಕನ್ನಡದಲ್ಲಿ ಜಗಳ ಬರುವುದಿಲ್ಲ, ಭಾಷಣ ಮಾತ್ರ ಬರುತ್ತದೆ. ಜಗಳಕ್ಕೆ ತುಳುವೋ ಕೊಂಕಣಿಯೋ ಬೇಕು. ಇದು ನನಗೆ ಗೊತ್ತಾದದ್ದು ನಮ್ಮ ಬಸ್‌ಸ್ಟ್ಯಾಂಡ್ ಉಳಿಸುವ ಸಮಿತಿಯ ಮೀಟಿಂಗುಗಳಲ್ಲಿ. ಹೋಟೆಲಿನ ಹಿಂದಿನ ಕೋಣೆಯ ಬೆಂಚುಗಳಲ್ಲಿ ಕೂತು ತುಳುವಿನಲ್ಲಿ ಒಬ್ಬರ ಚರ್ಮ ಒಬ್ಬರು ಸುಲಿಯುತ್ತಿದ್ದವರು, ಸಭೆ ಶುರುವಾಯಿತು ಎಂದದ್ದೇ ತಡ, ಎದ್ದು ನಿಂತು ಅಂಗಿಯ ಗುಂಡಿ ಸರಿಮಾಡಿಕೊಂಡು ‘ಮಾನ್ಯ ಅಧ್ಯಕ್ಷರೇ’ ಎನ್ನುತ್ತಿದ್ದರು. ಅಲ್ಲಿಂದ ಮುಂದೆ ಸಿಟ್ಟು ಎಲ್ಲಿಗೆ ಹೋಗುತ್ತಿತ್ತೋ ದೇವರಿಗೇ ಗೊತ್ತು. ‘ಅವ ಕಳ್ಳ’ ಎನ್ನುವುದು ‘ಕೆಲವರ ನಿಲುವು ನಮಗೆ ಸ್ಪಷ್ಟವಾಗಿಲ್ಲ’ ಆಗುತ್ತಿತ್ತು. ಹೀಗೆ ನಾವು ವರ್ಷಗಟ್ಟಲೆ ಚಾ ಕುಡಿದು ವಿಷಾದ ವ್ಯಕ್ತಪಡಿಸಿದೆವು. ನೆನೆದರೆ ಇವತ್ತಿಗೂ ತಲೆ ಬಿಸಿಯಾಗುತ್ತದೆ.

ಹೋಟೆಲು ನನ್ನ ಸೋದರಮಾವನದು. ಎಪ್ಪತ್ತರ ದಶಕದಲ್ಲಿ ಉಳುವವನೇ ಹೊಲದೊಡೆಯ ಎಂದಾದಾಗ ನಮ್ಮ ಕುಟುಂಬದ ಗದ್ದೆಗಳೆಲ್ಲ ಗೇಣಿಯವರ ಹೆಸರಿಗೆ ಹೋದವು. ‘ಹೋಗಬೇಕಾದ್ದೇ, ಬೆವರು ಅವರದ್ದಲ್ಲವಾ’ ಎಂದು ಮಾವನೇ ಹೇಳುತ್ತಿದ್ದರು. ಹೇಳುವಾಗ ಮಾತ್ರ ಮುಖ ಬೇರೆ ಕಡೆಗೆ ತಿರುಗಿರುತ್ತಿತ್ತು. ಉಳಿದದ್ದನ್ನು ಮಾರಿ ಮಂಗಳೂರಿಗೆ ಬಂದು, ಪೇಟೆಯ ನಡುವಿನ ಬಸ್‌ಸ್ಟ್ಯಾಂಡಿನ ಎದುರಿಗೇ ಒಂದು ಹಂಚಿನ ಮಾಡಿನ ಹೋಟೆಲು ಇಟ್ಟರು. ನಮ್ಮವರಲ್ಲಿ ಸೋದರಮಾವ ಎಂದರೆ ಅಪ್ಪನಿಗಿಂತ ಒಂದು ಕೈ ಮೇಲೆ. ಬಿ.ಕಾಂ. ಮುಗಿಸಿ ಬ್ಯಾಂಕಿನ ಪರೀಕ್ಷೆಗೆ ಓದುತ್ತೇನೆಂದು ಮನೆಯಲ್ಲಿ ಮಲಗಿದ್ದ ನನ್ನನ್ನು ಕರೆಸಿ ಗಲ್ಲಾದಲ್ಲಿ ಕೂರಿಸಿದರು. ಬ್ಯಾಂಕಿಗೆ ನಾನು ಹೋಗಲೇ ಇಲ್ಲ.

ಆ ಹೋಟೆಲು ಬದುಕಿದ್ದು ಬಸ್ಸಿನಿಂದ. ಬೆಳಗಿನ ಬಸ್ಸಿಗೆ ಬಂದವರಿಗೆ ಬನ್ಸ್, ಸಜ್ಜಿಗೆ-ಬಜಿಲ್, ಚಾ. ಕೋರ್ಟು, ಆಸ್ಪತ್ರೆ ಮುಗಿಸಿ ಮಧ್ಯಾಹ್ನ ಊರಿಗೆ ಹೊರಟವರಿಗೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಗಿರಾಕಿ ಒಂದು ಕಣ್ಣು ತಟ್ಟೆಯಲ್ಲಿ, ಒಂದು ಕಣ್ಣು ಹೊರಗಿನ ಬಸ್ಸಿನಲ್ಲಿ ಇಟ್ಟುಕೊಂಡೇ ಉಣ್ಣುತ್ತಿದ್ದ. ಬಸ್ಸು ಹೊರಡುವಂತೆ ಕಂಡರೆ ನಮ್ಮ ಸಪ್ಲೈಯರು ಬಾಗಿಲಿಗೆ ಹೋಗಿ ಕೈ ಅಡ್ಡ ಹಿಡಿಯುವುದು, ಕಂಡಕ್ಟರು ಕಾಯುವುದು. ಏಕೆ ಕಾಯುತ್ತಿದ್ದ ಎಂದರೆ, ಕಂಡಕ್ಟರುಗಳಿಗೆ ನಮ್ಮಲ್ಲಿ ಚಾ ಧರ್ಮಕ್ಕೆ. ಒಬ್ಬ ಅಜ್ಜ ಬಿಸಿ ಸಾರನ್ನು ಊದಿ ಊದಿ ಉಂಡು ಮುಗಿಸುವ ತನಕ ಪಣಂಬೂರಿನ ಬಸ್ಸು ಉಸಿರು ಬಿಡುತ್ತ ನಿಂತದ್ದನ್ನು ನಾನೇ ನೋಡಿದ್ದೇನೆ. ಒಳಗಿದ್ದವರು ಬೈಯುತ್ತಿದ್ದರು. ಆದರೆ ನಾಳೆ ಅವರೂ ಊಟಕ್ಕೆ ಕೂರುವವರೇ.

ಹಾಗೆಂದು ಆ ಬಸ್‌ಸ್ಟ್ಯಾಂಡ್ ಸ್ವರ್ಗವಾಗಿತ್ತು ಎಂದು ನಾನು ಹೇಳುವುದಿಲ್ಲ. ಜಟಕಾ ಗಾಡಿಗಳ ಕಾಲದ ಜಾಗ ಅದು. ಪಣಂಬೂರಿನಲ್ಲಿ ಬಂದರು ಆಯಿತು, ಗೊಬ್ಬರದ ಕಾರ್ಖಾನೆ ಬಂತು, ಬಸ್ಸುಗಳು ವರ್ಷದಿಂದ ವರ್ಷಕ್ಕೆ ಹೆಚ್ಚಿದವು, ಜಾಗ ಮಾತ್ರ ಇದ್ದಷ್ಟೇ ಇತ್ತು. ಒಂದು ಬಸ್ಸು ಹಿಂದೆ ಬರಬೇಕಾದರೆ ಕ್ಲೀನರ್ ತಗಡು ಬಡಿದು ‘ಬರ್ಲಿ, ಬರ್ಲಿ’ ಎಂದು ಕೂಗಬೇಕು, ಎಳನೀರಿನವನು ತನ್ನ ಗಾಡಿಯನ್ನು ದೂಡಿಕೊಂಡು ಚರಂಡಿಯ ಆಚೆ ಹೋಗಬೇಕು, ಹಿಂದಿನ ಬಸ್ಸಿನವನು ಹಾರ್ನಿನ ಮೇಲೆ ಕೈ ಇಟ್ಟು ತೆಗೆಯದೇ ಇರಬೇಕು. ಇಷ್ಟೂ ನಡೆಯುವುದು ನರ್ಸ್ ಬಾಯಮ್ಮನ ಕಿಟಕಿಯ ಕೆಳಗೆ.

ನರ್ಸ್ ಬಾಯಮ್ಮ ಎಂದರೆ ಹೋಟೆಲಿನ ಮಗ್ಗುಲ ಮನೆಯವರು. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾಗಿ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡಿದ್ದರು. ತಮ್ಮಂದಿರೆಲ್ಲ ಗಲ್ಫಿನಲ್ಲಿ. ಮಾವನಿಗೂ ಅವರಿಗೂ ಹಳೆಯ ಸ್ನೇಹ. ಕ್ರಿಸ್ಮಸ್ಸಿಗೆ ಅವರ ಮನೆಯ ಕುಸ್ವಾರ್ ತಿಂಡಿಯ ತಟ್ಟೆ ನಮ್ಮಲ್ಲಿಗೆ, ನಮ್ಮ ಹೊಸ ಅಕ್ಕಿಯ ಪಾಯಸ ಅವರಲ್ಲಿಗೆ. ಮಾವನನ್ನು ಅವರು ‘ಧನಿಗಳೇ’ ಎಂದು ಕರೆಯುವುದು, ಭೂಮಿ ಹೋದ ಮೇಲೂ. ತಮಾಷೆಗೋ ಮರ್ಯಾದೆಗೋ ಎಂದು ಮಾವ ಒಮ್ಮೆಯೂ ಕೇಳಲಿಲ್ಲ.

ಬಸ್‌ಸ್ಟ್ಯಾಂಡನ್ನು ಮೈದಾನದ ಬದಿಗೆ ಒಯ್ಯುತ್ತಾರಂತೆ ಎಂಬ ಸುದ್ದಿ ಹುಟ್ಟಿದ್ದು ಎಂಬತ್ತರ ಆಸುಪಾಸಿನಲ್ಲಿ. ಮಾವ ಆ ವಾರವೇ ಅಂಗಡಿಯವರನ್ನೆಲ್ಲ ಸೇರಿಸಿ ಸಮಿತಿ ಮಾಡಿದರು, ತಾವೇ ಅಧ್ಯಕ್ಷರಾದರು. ಮನವಿಗೆ ಬೀದಿಯವರೆಲ್ಲರ ರುಜು ಬೇಕಿತ್ತು. ಬಾಯಮ್ಮನ ರುಜು ಇದ್ದೇ ಇದೆ ಎಂದು ತಿಳಿದು ಅವರ ಮನೆಗೆ ಕೊನೆಗೆ ಹೋದೆವು. ಅವರು ಕನ್ನಡಕ ಹಾಕಿ ಪೂರ್ತಿ ಓದಿ ಕಾಗದವನ್ನು ವಾಪಸು ಕೊಟ್ಟರು.

“ನಾನು ಹಾಕುದಿಲ್ಲ ಧನಿಗಳೇ.”

ಮಾವ ನಕ್ಕರು. “ಎಂತ ಬಾಯಮ್ಮ, ಪೆನ್ನು ಸರಿ ಇಲ್ವಾ?”

“ಪೆನ್ನು ಸರಿ ಉಂಟು. ನನ್ನ ಅಮ್ಮನ ಎದೆ ಸರಿ ಇಲ್ಲ. ಹಾರ್ನ್ ಹೊಡೆದಾಗ ಒಮ್ಮೆ ಬಂದು ಅವರ ಮಂಚದ ಹತ್ರ ನಿಲ್ಲಿ, ನಿಮಗೇ ಗೊತ್ತಾಗ್ತದೆ. ನನ್ನ ಕಂಪೌಂಡ್ ಗೋಡೆಗೆ ಊರಿನ ಗಂಡಸರೆಲ್ಲ ಎಂತ ಮಾಡ್ತಾರೆ ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?”

“ಹಾಗಾದ್ರೆ ನನ್ನ ಹೋಟೆಲು ಮುಚ್ಚಿದ್ರೂ ಅಡ್ಡಿಯಿಲ್ಲ ನಿಮಗೆ?”

“ಅಡ್ಡಿ ಉಂಟು. ಎರಡಕ್ಕೂ ಅಡ್ಡಿ ಉಂಟು. ನಾನೆಂತ ಮಾಡ್ಲಿ ಹೇಳಿ?”

ಮಾವ ಕಾಗದ ಮಡಚಿ ಕಿಸೆಗಿಟ್ಟರು. ಹೊರಗೆ ಬಂದವರೇ ನನ್ನ ಮೇಲೆ ಹರಿಹಾಯ್ದರು: “ಮೊದಲು ಇಲ್ಲಿಗೆ ಬರ್ಬೇಕಿತ್ತು ಅಂತ ನಿನಗೆ ಹೊಳೀಲಿಲ್ವಾ ಮಾರಾಯ?” ಆ ಕ್ರಿಸ್ಮಸ್ಸಿಗೆ ಕುಸ್ವಾರ್ ಬಂತು. ಬಾಯಮ್ಮ ತರಲಿಲ್ಲ, ಕೆಲಸದವಳ ಕೈಯಲ್ಲಿ ಕಳಿಸಿದ್ದರು. ಮಾವ ಅದರಲ್ಲಿನ ಗುಳಿಯೊ ಉಂಡೆಯನ್ನೂ ಮುಟ್ಟಲಿಲ್ಲ. ಅವರ ಪಾಲನ್ನೂ ನಾನೇ ತಿಂದೆ.

ಸರಕಾರಿ ಕಚೇರಿಗೆ ಮನವಿ ಕೊಟ್ಟೆವು. ಮಾತಾಡುವ ಎಂದರು. ಮಾತಾಡಲು ಹೋದೆವು, ಸಂಬಂಧಪಟ್ಟವರು ಇಲ್ಲ ಎಂದರು. ಸಂಬಂಧಪಟ್ಟವರು ಇದ್ದ ದಿನ ನಮ್ಮ ಕಾರ್ಯದರ್ಶಿಯ ಮನೆಯಲ್ಲಿ ಮದುವೆ. ಸಮಿತಿಯ ಒಳಗೆ ನಮ್ಮದೇ ಬೇರೆ ರಗಳೆ. ಬಟ್ಟೆ ಅಂಗಡಿಯವರಿಗೆ ಬಸ್ಸು ಹತ್ತಿರ ಬೇಕು, ಆದರೆ ಅವರ ಬಾಗಿಲ ಎದುರು ನಿಲ್ಲಬಾರದು. ಹಣ್ಣಿನ ವ್ಯಾಪಾರಿ, ಕುದ್ರೋಳಿಯ ಬ್ಯಾರಿ ಸಾಹೇಬರು, ಅವರೊಬ್ಬರೇ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದವರು: “ನಿಮ್ಮ ಭಾಷಣ ಕೇಳಿ ನನ್ನ ಬಾಳೆಹಣ್ಣು ಕಪ್ಪಾಯ್ತು. ಒಂದು ದಿನ ಬಂದ್ ಮಾಡುವ. ಬಸ್ಸು ಒಳಗೆ ಬರ್ಲಿಕ್ಕೆ ಬಿಡುದು ಬೇಡ. ಊರಿಗೆ ಗೊತ್ತಾಗ್ಲಿ ನಾವಿಲ್ಲದಿದ್ರೆ ಎಷ್ಟು ಕಷ್ಟ ಅಂತ.”

ಎಲ್ಲರೂ ಒಪ್ಪಿದರು. ನಮ್ಮ ಸಮಿತಿ ಒಂದೇ ಉಸಿರಿಗೆ ಒಪ್ಪಿದ ಸಂಗತಿ ಅದೊಂದೇ ಇರಬೇಕು. ನನಗೂ ಮೈ ಬಿಸಿಯೇರಿತು. ಅಷ್ಟರಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿದ್ದ ಮಾವ ಕೈ ಎತ್ತಿದರು.

“ಅಲ್ಲ, ಬಂದ್ ಸರಿ. ಊರಿಂದ ಬರುವವರು ಎಂತ ಮಾಡುದು?”

“ಕಷ್ಟಪಡ್ಲಿ ಅಂತಲೇ ಅಲ್ವಾ ಬಂದ್ ಮಾಡುದು?” ಎಂದರು ಸಾಹೇಬರು.

“ಅವರೆಂತ ತಪ್ಪು ಮಾಡಿದ್ದಾರೆ ಮಾರಾಯ್ರೆ? ತುಂಬು ಬಸುರಿ ಬರ್ತಾಳೆ ಆಸ್ಪತ್ರೆಗೆ. ಮುದುಕರು ಬರ್ತಾರೆ ಕೋರ್ಟಿಗೆ. ಮೇ ತಿಂಗಳ ಬಿಸಿಲು. ನಮ್ಮ ಬೀದಿಗೆ ಬಂದವರು ನೀರು ಸಿಗದೆ ಹೋದ್ರು ಅಂತ ಆದ್ರೆ ನಾನು ನಾಳೆ ಯಾವ ಮುಖದಲ್ಲಿ ಬಾಗಿಲು ತೆಗೀಲಿ?”

ಹೋಟೆಲಿನವನ ಮನಸ್ಸು ಅದು, ಮೇಲಿನಿಂದ ಹಳೆಯ ಮನೆತನದ ಅಭ್ಯಾಸ. ಅಂಗಳಕ್ಕೆ ಬಂದವರಿಗೆ ನೀರು ಬೆಲ್ಲ ಕೊಡದೆ ಕಳಿಸಿದವರಲ್ಲ. ಬೀದಿಯ ಉಳಿದವರೂ ಬೇರೆ ತರದವರೇನಲ್ಲ. ಬಟ್ಟೆ ಅಂಗಡಿಯವರು “ಹೌದು, ಅದೂ ಒಂದು ಪಾಯಿಂಟ್” ಎಂದರು. ಬಂದ್‌ನ ಮಾತು ಅಲ್ಲಿಗೇ ಹಿಂದಾಯಿತು. ಜನರಿಗೆ ತೊಂದರೆ ಆಗದ ಹಾಗೆ ಬಂದ್ ಮಾಡುವುದು ಹೇಗೆ ಎಂಬುದರ ಮೇಲೆಯೇ ಮೂರು ಮೀಟಿಂಗು ನಡೆಯಿತು. ಸಾಹೇಬರು ಎದ್ದು ಹೋಗುವಾಗ, “ಮದುವೆಗೆ ಮಾಡಿದ ಹಾಗೆ ಮಾಡ್ತೀರಲ್ಲ, ಓಲಗದವರಿಗೂ ಹೇಳಿದ್ದೀರಾ?” ಎಂದು ಕೇಳಿದರು. ನಾವೆಲ್ಲ ನಕ್ಕೆವು.

ಬಸ್ಸಿನವರ ಜೊತೆ ಮಾತಾಡಿ, ಆ ಒಂದು ದಿನ ಬಸ್ಸುಗಳು ಮೈದಾನದ ಬದಿಯ ಮರಗಳ ಕೆಳಗೆ ನಿಲ್ಲುವುದೆಂದು ನಾವೇ ಗೊತ್ತುಮಾಡಿದೆವು. ಯಾವ ಬಸ್ಸು ಎಲ್ಲಿ ಎಂದು ಜನರಿಗೆ ತಿಳಿಯಬೇಕಲ್ಲ, ನಾಮಫಲಕ ಬರೆಯುವವನನ್ನು ಕರೆಸಿ ಪಣಂಬೂರು, ಪಂಪ್‌ವೆಲ್, ಕುದ್ರೋಳಿ ಎಂದು ಹಲಗೆ ಬರೆಸಿದೆವು. ಅಡಿಕೆ ಮರದ ಕಂಬ ನೆಟ್ಟು, ತೆಂಗಿನ ಮಡಲಿನ ಚಪ್ಪರ ಹಾಕಿ, ಬೆಂಚು ಇಟ್ಟೆವು. ಮಾವ ಹೋಟೆಲಿನ ಹಂಡೆಗಳನ್ನೇ ಹೊರಿಸಿಕೊಂಡು ಹೋಗಿ ಶುಂಠಿ, ಹಸಿಮೆಣಸು, ಕರಿಬೇವಿನ ಸೊಪ್ಪು ಹಾಕಿದ ಮಜ್ಜಿಗೆ ಮಾಡಿಸಿದರು. ಒಂದು ಹಂಡೆಗೆ ಹಸಿಮೆಣಸು ಹಾಕಬೇಡ, ಮಕ್ಕಳಿಗೆ ಬೇಕು ಎಂದು ಅಡುಗೆಯವನಿಗೆ ಬೇರೆಯಾಗಿ ಹೇಳಿದರು.

ಬಂದ್ ಬಹಳ ಚೆಂದವಾಯಿತು. ಬೇರೆ ಶಬ್ದವೇ ಇಲ್ಲ ಅದಕ್ಕೆ. ನಮ್ಮ ಬೀದಿಯ ಅಂಗಡಿಗಳೆಲ್ಲ ಮುಚ್ಚಿದ್ದವು, ಒಂದು ನರಪಿಳ್ಳೆ ಇಲ್ಲ. ಅದನ್ನು ನೋಡಿ ಮರುಗಲು ಕೂಡ ಯಾರೂ ಇರಲಿಲ್ಲ, ಏಕೆಂದರೆ ಊರಿಗೆ ಊರೇ ಮೈದಾನದ ಬದಿಯಲ್ಲಿತ್ತು. ಬಸ್ಸುಗಳು ಸಾಲಾಗಿ ಬಂದವು, ಸಾಲಾಗಿ ಹೋದವು. ತಗಡು ಬಡಿಯುವುದಿಲ್ಲ, ಹಾರ್ನಿಲ್ಲ. ಜನ ನೆರಳಲ್ಲಿ ಕೂತು ಮಜ್ಜಿಗೆ ಕುಡಿದು, ಹಲಗೆ ನೋಡಿ, ತಮ್ಮ ಬಸ್ಸು ಹತ್ತಿದರು. ಬಸ್ಸು ಇಳಿದ ಒಬ್ಬರು ಅಮ್ಮ ಮಾವನಿಗೆ ಕೈಮುಗಿದು, “ದಿನಾಲೂ ಹೀಗೇ ಇದ್ರೆ ಎಷ್ಟು ಒಳ್ಳೆದು ಅಣ್ಣ” ಎಂದರು. ಮಾವ ಹಿಗ್ಗಿದರು. “ನೋಡಿದ್ಯಾ?” ಎಂದು ನನ್ನ ಕಡೆ ನೋಡಿದರು. ನಾನೂ ಹಿಗ್ಗಿದೆ. ಇಬ್ಬರ ತಲೆಗೂ ಏನೂ ಹೋಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಚೇರಿಯ ದೊಡ್ಡವರೊಬ್ಬರು ಜೀಪಿನಲ್ಲಿ ಬಂದರು. ಗಲಾಟೆ ಆಗಿದೆಯೋ ಎಂದು ನೋಡಲು ಬಂದದ್ದು. ಮಾವ ತಾವೇ ಲೋಟ ತುಂಬಿ ಕೊಟ್ಟರು. ಅವರು ಒಂದು ಕುಡಿದರು, ಇನ್ನೊಂದು ಕೇಳಿ ಕುಡಿದರು. ಈ ತುದಿಯಿಂದ ಆ ತುದಿಗೆ ನಡೆದು ಹಲಗೆಗಳನ್ನು ಓದಿದರು.

“ಬಹಳ ಅಚ್ಚುಕಟ್ಟು. ಬಸ್‌ಸ್ಟ್ಯಾಂಡಿಗೆ ಇಲ್ಲಿ ಜಾಗ ಸಾಕಾಗುವುದಿಲ್ಲ ಅಂತ ನಮ್ಮವರೇ ಬರೆದಿದ್ರಲ್ಲ?”

“ಧಾರಾಳ ಸಾಕು ಸಾರ್,” ಎಂದರು ಮಾವ. “ನಾವೇ ಅಳೆದು ಕಂಬ ಹಾಕಿದ್ದು. ಇನ್ನೂ ಬಸ್ಸು ನಿಲ್ಲಿಸ್ಬಹುದು.”

ಪಕ್ಕದಲ್ಲಿದ್ದ ಹಣ್ಣಿನ ಸಾಹೇಬರು ತಲೆಗೆ ಕೈ ಇಟ್ಟುಕೊಂಡದ್ದನ್ನು ನಾನು ನೋಡಿದೆ. ಬಿಸಿಲಿಗೆ ಎಂದುಕೊಂಡೆ.

ಮರುದಿನ ನಾವು ಬಾಗಿಲು ತೆಗೆದು ಚಾಕ್ಕೆ ನೀರಿಟ್ಟು ಕಾದೆವು. ಅರ್ಧ ಬಸ್ಸುಗಳು ಬರಲೇ ಇಲ್ಲ. ಬಂದ ಒಬ್ಬ ಕಂಡಕ್ಟರನ್ನು ಮಾವ ಕರೆದು ಕೇಳಿದರು. “ಅಲ್ಲಿಗೇ ಹೋಗ್ತಿದ್ದಾರೆ ಧನಿ,” ಎಂದ. “ಹಲಗೆ ಇನ್ನೂ ಉಂಟಲ್ಲ. ಬಸ್ಸು ಹಿಂದೆ ತೆಗೀಲಿಕ್ಕೂ ಸುಲಭ.” ಧರ್ಮದ ಚಾ ಕುಡಿಯುತ್ತಲೇ ಹೇಳಿದ. ಹಲಗೆ ಕೀಳಲು ನಾವು ಓಡಿದೆವು. ಅಲ್ಲಿ ಕಾಯುತ್ತಿದ್ದ ಜನ ನಮಗೇ ಬೈದರು.

ಮಳೆಗಾಲ ಮುಗಿಯುವಷ್ಟರಲ್ಲಿ ಆದೇಶವಾಯಿತು. ಹೊಸ ಜಾಗದಲ್ಲಿ ಸಾರ್ವಜನಿಕರಿಗೆ ತೊಂದರೆಯಾಗುವುದಿಲ್ಲ ಎಂಬುದು ವರ್ತಕರ ಸಹಕಾರದಿಂದಲೇ ಗೊತ್ತಾಗಿದೆ ಎಂದರಂತೆ. ಸಮಿತಿಯಲ್ಲಿ ಎಲ್ಲರೂ ಮಾವನ ಮೇಲೆ ಬಿದ್ದರು. ಆ ದಿನ ಯಾರೂ ಎದ್ದು ನಿಲ್ಲಲಿಲ್ಲ, ಅಧ್ಯಕ್ಷರೇ ಎನ್ನಲಿಲ್ಲ, ಎಲ್ಲ ತುಳುವಿನಲ್ಲಿಯೇ ಆಯಿತು. “ಮಜ್ಜಿಗೆ ಯಾರು ಕೇಳಿದ್ರು ನಿಮ್ಮತ್ರ?” ಎಂದು ಬಟ್ಟೆ ಅಂಗಡಿಯವರು ಕೂಗಿದರು. ಮಜ್ಜಿಗೆಗೆ ಮೊಸರು ಕಳಿಸಿದ್ದು ಅವರ ಮನೆಯಿಂದಲೇ. ಭಾಷಣದಲ್ಲಿ ಪ್ರಾಣ ಕೊಡುತ್ತೇನೆ ಎಂದಿದ್ದ ಕಾರ್ಯದರ್ಶಿ ಮಾತ್ರ ಸುಮ್ಮನಿದ್ದ. ಆಮೇಲೆ ಗೊತ್ತಾಯಿತು, ಹೊಸ ಸ್ಟ್ಯಾಂಡಿನಲ್ಲಿ ಅಂಗಡಿಗೆ ಎಲ್ಲರಿಗಿಂತ ಮೊದಲು ಅರ್ಜಿ ಹಾಕಿದ್ದು ಅವನೇ.

ಮಾವನೂ ಹಾಕಲಿ ಎಂದು ನಾನು ಅಂಗಲಾಚಿದೆ. “ಒಂದು ಸಲ ಗದ್ದೆ ಬಿಟ್ಟು ಬಂದೆ,” ಎಂದರು. “ಇನ್ನು ಬಸ್ಸಿನ ಹಿಂದೆ ಓಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಊಟ ಒಳ್ಳೆದಿದ್ರೆ ಜನ ನಡ್ಕೊಂಡು ಬರ್ತಾರೆ.” ಜನ ಬರಲಿಲ್ಲ. ಬಸ್ಸಿನ ಗಿರಾಕಿ ರುಚಿಗೆ ಬರುವವನಲ್ಲ, ಬಸ್ಸು ಅಲ್ಲಿ ನಿಂತಿದೆ ಎಂದು ಬರುವವನು. ಇದನ್ನು ಮಾವನಿಗೆ ಹೇಳುವ ಧೈರ್ಯ ನನಗಿರಲಿಲ್ಲ, ಅವರಿಗೆ ಗೊತ್ತಿರಲಿಲ್ಲ ಎಂದೂ ನಾನು ನಂಬುವುದಿಲ್ಲ. ಮಾಡಿದ ಬನ್ಸ್ ಸಂಜೆಯ ತನಕ ಗಾಜಿನ ಪೆಟ್ಟಿಗೆಯಲ್ಲೇ ಇರುತ್ತಿತ್ತು.

ಬಾಯಮ್ಮ ಆಗ ಮಧ್ಯಾಹ್ನ ಬರತೊಡಗಿದರು, ಹಿಡಿಯಿರುವ ತೂಕುಪಾತ್ರೆ ತಂದು, ಇಬ್ಬರಿದ್ದ ಮನೆಗೆ ಐದು ಜನರ ಊಟ ಒಯ್ಯಲು. ಕೆಲವು ದಿನ ಮಾವ ಸುಮ್ಮನೆ ಕೊಟ್ಟರು. ಒಂದು ದಿನ ಪಾತ್ರೆಯ ಮೇಲೆ ಕೈ ಇಟ್ಟರು.

“ನಿಮ್ಮ ಮನೆಯಲ್ಲಿ ಇಷ್ಟು ಯಾರು ಉಣ್ಣುದು ಬಾಯಮ್ಮ?”

“ನಾಯಿ ಉಂಟು.”

“ನನ್ನ ಬಂಗುಡೆ ನಾಯಿಗೆ ಹಾಕ್ತೀರಾ?”

ಬಾಯಮ್ಮ ಪಾತ್ರೆಯ ಹಿಡಿಯಿಂದ ಕೈ ತೆಗೆದರು. “ಅಮ್ಮ ಈಗ ನಿದ್ದೆ ಮಾಡ್ತಾರೆ ಧನಿಗಳೇ. ನಾನು ಸುಳ್ಳು ಹೇಳುದಿಲ್ಲ, ನಮಗೆ ಒಳ್ಳೆದೇ ಆಯ್ತು. ನಿಮಗೆ ಹೀಗಾಗ್ಬಾರದಿತ್ತು.”

“ನಿದ್ದೆ ಮಾಡ್ಲಿ,” ಎಂದರು ಮಾವ. “ಮುದುಕಿ ನಿದ್ದೆ ಮಾಡಿದ್ದಕ್ಕೆ ನನಗೆ ಸಿಟ್ಟು ಇಲ್ಲ. ನಾಳೆಯಿಂದ ಇಬ್ಬರದ್ದೇ ಒಯ್ಯಿರಿ. ಧರ್ಮದ ಗಿರಾಕಿ ನನಗೆ ಬೇಡ.”

ಅವರಿಬ್ಬರ ಮಾತು ಮತ್ತೆ ಶುರುವಾದದ್ದು ಅಲ್ಲಿಂದ. ಹೋಟೆಲು ಮುಚ್ಚಿದ್ದು ಅದರ ಮುಂದಿನ ವರ್ಷ. ಗಲ್ಫಿನಿಂದ ಬಂದ ಒಬ್ಬ ಹುಡುಗನಿಗೆ ಟೇಪ್ ರೆಕಾರ್ಡರು, ಸೂಟ್‌ಕೇಸು ಮಾರಲು ಆ ಜಾಗವನ್ನು ಬಾಡಿಗೆಗೆ ಕೊಟ್ಟಾಯಿತು. ಹಂಡೆ, ಬಾಣಲೆ, ಗಾಜಿನ ಪೆಟ್ಟಿಗೆಯನ್ನು ಮಾವ ನನಗೆ ಕೊಟ್ಟರು. ನಾನು ಹೊಸ ಸ್ಟ್ಯಾಂಡಿನಲ್ಲಿ ಒಂದು ಸಣ್ಣ ಗೂಡಂಗಡಿ ಹಿಡಿದೆ. ಬೇಡ ಎನ್ನಲಿಲ್ಲ ಅವರು, ನೋಡಲು ಬರಲೂ ಇಲ್ಲ. ಮನೆಯಿಂದ ಪೇಟೆಗೆ ಬರುವುದಿದ್ದರೆ ಹೊಸ ಸ್ಟ್ಯಾಂಡಿಗಿಂತ ಒಂದು ಸ್ಟಾಪು ಹಿಂದೆಯೇ ಇಳಿದು ನಡೆಯುತ್ತಿದ್ದರು.

ಒಂದು ದಿನ ಮಾತ್ರ, ಏಪ್ರಿಲಿನ ಬೇಗೆಯಲ್ಲಿ, ಕಣ್ಣಿನ ಡಾಕ್ಟರಲ್ಲಿಗೆ ಹೋಗಿ ವಾಪಸು ಹೊರಟವರು ನಡೆಯಲಾಗದೆ ಸ್ಟ್ಯಾಂಡಿಗೇ ಬಂದರು. ನನ್ನ ಗೂಡಂಗಡಿಯ ಎದುರು ನಿಂತು, ಗುರುತಿಲ್ಲದವರ ಹಾಗೆ, “ಒಂದು ಚಾ” ಎಂದರು. ಕೊಟ್ಟೆ. ಕುಡಿದು ಸುತ್ತ ನೋಡಿದರು. ಜನ ಬಿಸಿಲಿನಲ್ಲಿ ನಿಂತಿದ್ದರು. ಹೆಂಗಸರು ಸೆರಗು ತಲೆಯ ಮೇಲೆ ಹೊದ್ದುಕೊಂಡಿದ್ದರು. ಬಸ್ಸುಗಳು ಹೆಚ್ಚಿ ಮರಗಳು ಅಡ್ಡವೆಂದು ಎರಡನ್ನು ಬಿಟ್ಟು ಉಳಿದವು ಹೋಗಿದ್ದವು. ತಲೆಯ ಮೇಲೆ ಒಂದು ಮಾಡು ಇಲ್ಲ, ಬೆಂಚಿಲ್ಲ. ಯಾವ ಬಸ್ಸು ಎಲ್ಲಿ ಎಂದು ಬರೆದದ್ದಿಲ್ಲ.

“ಎಂತ ಇದು?” ಎಂದರು.

“ಮಾಡು ಹಾಕ್ತೇವೆ ಅಂತ ಹೇಳ್ತಾರೆ ಮಾವ. ಅರ್ಜಿ ಕೊಟ್ಟಿದ್ದೇವೆ. ಮೀಟಿಂಗು ಕರೀತಾರಂತೆ.”

“ಒಂದು ದಿನದ ಮಟ್ಟಿಗೆ ನಾವು ನೆರಳು ಮಾಡಿದ್ದೆವಲ್ಲ ಮಾರಾಯ. ಅದನ್ನು ನೋಡಿಯೇ ಅಲ್ವಾ ಇವರು ಜಾಗ ಒಳ್ಳೆದುಂಟು ಅಂತ ಹೇಳಿದ್ದು? ಜಾಗ ತಗೊಂಡು ನೆರಳು ಬಿಟ್ರಾ?”

ಅವರ ಧ್ವನಿ ಏರಿತು, ಜನ ತಿರುಗಿ ನೋಡಿದರು. ನಾನು “ಮಾವ, ಮೆಲ್ಲ” ಎಂದೆ. ಎಷ್ಟೋ ವರ್ಷಗಳಲ್ಲಿ ಅವರ ಸಿಟ್ಟನ್ನು ಅಷ್ಟು ಬಹಿರಂಗವಾಗಿ ನೋಡಿದ್ದು ಅದೇ ಮೊದಲು. ಗದ್ದೆ ಹೋದಾಗ ಇಲ್ಲ, ಹೋಟೆಲು ಮುಚ್ಚಿದಾಗ ಇಲ್ಲ. ಈಗ ಯಾರದೋ ತಲೆ ಬಿಸಿಲಿಗೆ ಕಾಯುತ್ತದೆ ಎಂದು ಕೂಗುತ್ತಿದ್ದರು. ಅಷ್ಟರಲ್ಲಿ ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು ಕುದ್ರೋಳಿಯ ಬಸ್ಸು ಯಾವುದು ಎಂದು ಕೇಳಿದಳು. ಮಾವನಿಗೆ ಗೊತ್ತಿರಲಿಲ್ಲ. ಇಡೀ ಮಂಗಳೂರಿನ ಬಸ್ಸುಗಳ ಹೊತ್ತು ಬಾಯಿಪಾಠ ಇದ್ದವರು ಅವರು. “ನನಗೆ ಗೊತ್ತಿಲ್ಲ ಮಗಾ,” ಎಂದು ಹೇಳಿ ಒಮ್ಮೆಗೇ ಸಣ್ಣಗಾದರು. ನಾನು ತೋರಿಸಿದೆ. ಅವಳು ಓಡಿದಳು.

ಚಾದ ಲೋಟ ಹಲಗೆಯ ಮೇಲಿಟ್ಟು ಕಿಸೆಯಿಂದ ಚಿಲ್ಲರೆ ತೆಗೆದರು. ಬೇಡ ಎಂದೆ. ತಗೊಳ್ಳಲೇಬೇಕೆಂದು ಹಟ ಮಾಡಿ ಕೊಟ್ಟರು.

“ಸಕ್ಕರೆ ಜಾಸ್ತಿ,” ಎಂದು ಹೇಳಿ ಬಿಸಿಲಿಗೆ ಇಳಿದರು.